ನೌಶಾದನ ಮೂವತ್ತೆರಡು ಹಲ್ಲು

ಮಗಳನ್ನು ಓದಿಸಲು ಹೆಂಡತಿ ಮಂಗಳೂರಿಗೆ ಹಿಂತಿರುಗಿದ ಮೇಲೆ ದಂತವೈದ್ಯ ಧರ್ಮಪಾಲರ ಗಲ್ಫಿನ ಕರಾಮದ ಫ್ಲ್ಯಾಟಿನಲ್ಲಿ ಮಾತಾಡುತ್ತಿದ್ದುದು ಟೀವಿ ಒಂದೇ. ದಿನವಿಡೀ ಜನರ ಬಾಯಿ ತೆರೆಸುವುದೇ ಅವರ ಕಸುಬು. ಆದರೆ ತೆರೆದ ಬಾಯಿ ಯಾವುದೂ ಮಾತಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಕನ್ನಡ ಕೂಟದ ಅಧ್ಯಕ್ಷನಾದರೆ ಹಾಲ್ ಬುಕ್ ಮಾಡಲಿಕ್ಕೋ ಜಗಳ ಬಿಡಿಸಲಿಕ್ಕೋ ಯಾರಾದರೂ ಫೋನ್ ಮಾಡಿಯಾರು ಎಂಬ ಆಸೆಯಿಂದಲೇ ಅವರು ಚುನಾವಣೆಗೆ ಇಳಿದದ್ದು.

ಅದಕ್ಕೆ ಮುಂಚೆ ಕರಾವಳಿಯವರ ಬಣ ತನ್ನ ಅಭ್ಯರ್ಥಿಯನ್ನು ಆರಿಸಬೇಕು. ಶುಕ್ರವಾರ ಮಧ್ಯಾಹ್ನ, ಬಿರಿಯಾನಿಯ ಮುಚ್ಚಳ ತೆಗೆಯುವ ಮೊದಲು ಕೈ ಎತ್ತಿಸುವುದು ಪದ್ಧತಿ. ಹಸಿದವರು ಬೇಗ ತೀರ್ಮಾನಿಸುತ್ತಾರೆ. ಎದುರಾಳಿ ಟ್ರಾವೆಲ್ ಏಜೆನ್ಸಿಯ ಕಾನ್ರಾಡ್. ಇನ್ಶೂರೆನ್ಸ್ ಆಫೀಸಿನಲ್ಲಿದ್ದ ಭಾವನಿಂದ ಅವನಿಗೊಂದು ಸುದ್ದಿ ಸಿಕ್ಕಿತ್ತು.

ಮೊದಲು ಅವನು ವೇದಿಕೆ ಹತ್ತಿ, ಧರ್ಮಪಾಲರಂತೆಯೇ ಮೂಗಿನಲ್ಲಿ, ಅವರಿಗಿಂತ ಸ್ವಲ್ಪ ದೊಡ್ಡದಾಗಿ, “ನೋವಾದರೆ ಕೈ ಎತ್ತಿ,” ಎಂದು ರಾಗ ಎಳೆದ. ಎಲ್ಲರ ಜೊತೆ ಧರ್ಮಪಾಲರೂ ನಕ್ಕರು. ಅಷ್ಟು ಚೆನ್ನಾಗಿತ್ತು. ಆಮೇಲೆ ರಾಸ್ ಅಲ್ ಖೋರ್ ಗ್ಯಾರೇಜಿನ ನೌಶಾದನನ್ನು ವೇದಿಕೆಗೆ ಎಳೆದು, ಬಾಯಿ ತೆರೆಸಿ, ಟಾರ್ಚ್ ಬಿಟ್ಟು ಹಲ್ಲೆಣಿಸಿದ. ಮೂವತ್ತೆರಡೂ ಇದ್ದವು.

“ಹೋದ ತಿಂಗಳು ಇವನ ದವಡೆ ಹಲ್ಲು ಕಿತ್ತಿದ್ದೇನೆ ಅಂತ ಇನ್ಶೂರೆನ್ಸಿನವರಿಂದ ವಸೂಲು ಮಾಡಿದ್ದೀರಲ್ಲ, ಅದು ಎಂತ ಡಾಕ್ಟ್ರೇ, ಪುನಃ ಹುಟ್ಟಿತಾ?”

ಹಾಲ್ ಬಿರಿಯುವಂತೆ ನಗು. ನೌಶಾದ್ ತೆರೆದ ಬಾಯಿ ಮುಚ್ಚುವುದನ್ನೇ ಮರೆತು ನಿಂತಿದ್ದ.

ಕಿತ್ತದ್ದು ನಿಜ. ಆದರೆ ಅವನದ್ದಲ್ಲ, ಅವನ ರೂಮಿನ ಉಮ್ಮರಬ್ಬನದು. ವೀಸಾ ಮುಗಿದಿದ್ದ ಉಮ್ಮರಬ್ಬ ಊದಿದ ಕೆನ್ನೆ ಹಿಡಿದುಕೊಂಡು ಬಂದು ನೌಶಾದನ ಇನ್ಶೂರೆನ್ಸ್ ಕಾರ್ಡ್ ಚಾಚಿದ್ದ. ಫೋಟೋ ನೋಡಿಯೂ ನೋಡದವರಂತೆ ಧರ್ಮಪಾಲರು ಇಂಜೆಕ್ಷನ್ ಕೊಟ್ಟಿದ್ದರು. ಈಗ ಬಾಯಿಬಿಟ್ಟರೆ ಒಬ್ಬನ ಕೆಲಸ ಹೋಗುತ್ತದೆ, ಇನ್ನೊಬ್ಬ ಜೈಲಿಗೆ ಹೋಗುತ್ತಾನೆ.

“ತಪ್ಪಾಗಿದೆ,” ಎಂದಷ್ಟೇ ಹೇಳಿ ಕೂತರು.

ಕೈಗಳು ಎದ್ದವು. ಹಿಂದಿನ ಸಾಲಿನಲ್ಲಿ ಉಮ್ಮರಬ್ಬ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದನ್ನು ಕಾನ್ರಾಡನಿಗಾಗಿ ಎತ್ತಿದ್ದ.

ಊಟಕ್ಕೆ ಧರ್ಮಪಾಲರ ಆಚೀಚೆ ಯಾರೂ ಕೂರಲಿಲ್ಲ. ತಟ್ಟೆ ಬಿಟ್ಟು ಹೊರಡುವಾಗ ಉಮ್ಮರಬ್ಬನ ಹಿಂದೆ ಒಂದು ಗಳಿಗೆ ನಿಂತರು. ಅವನು ಇನ್ನೂ ಎಡಬದಿಯಲ್ಲೇ ಜಗಿಯುತ್ತಿದ್ದ.

“ಗಾಯ ಮಾಗಿರ್ತದೆ ಮಾರಾಯ,” ಎಂದರು ಮೆಲ್ಲಗೆ. “ಇನ್ನು ಎರಡೂ ಬದಿ ಜಗಿಯಬಹುದು.”

ಅವನು ತಲೆ ಎತ್ತಲಿಲ್ಲ. ತುತ್ತು ಮಾತ್ರ ಬಲಗೆನ್ನೆಗೆ ಸರಿಯಿತು.

ಫ್ಲ್ಯಾಟಿಗೆ ಬಂದವರು ಟೀವಿ ಹಾಕದೆ ಫೋನಿನ ಪಕ್ಕ ಕೂತರು. ಕಿಟಕಿಯ ಬಿಸಿಲು ಸೋಫಾದಿಂದ ಇಳಿದ ಮೇಲೆ, ಕೆಟ್ಟಿದೆಯೋ ಏನೋ ಎಂದು ರಿಸೀವರ್ ಎತ್ತಿ ಕಿವಿಗಿಟ್ಟರು.

ಕೆಟ್ಟಿರಲಿಲ್ಲ.