ಬೋರಲು ಹಾಕಿದ ಚಮಚ

"ಆ ಕ್ಯಾನು ಅಲ್ಲೇ ಇಡು," ಎಂದಳು ನೊಯೆಲಿ. ಗಂಡನನ್ನು ಮಣ್ಣು ಮಾಡಿ ಬಂದವಳು ಇನ್ನೂ ಕರಿಯ ಕೋಟು ಕಳಚಿರಲಿಲ್ಲ.

ಮಗ ಲಿಯೊನೆಲ್ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಹಿಡಿದು ಹಿತ್ತಲಿಗೆ ಹೊರಟಿದ್ದ.

"ನಮ್ಮ ಮಾವನೋರೆಲ್ಲ ಊಟಕ್ಕೆ ಕೂರ್ತಾರಮ್ಮ. ಬೋರ್ಡೋ ಪಟ್ಟಣದಿಂದ ಒಳ್ಳೇ ವೈನ್ ಬಾಟಲಿ ತಂದಿದ್ದೀನಲ್ಲ."

"ನಿಮ್ಮಪ್ಪ ಕುಡೀತಿದ್ದದ್ದು ಇದನ್ನೇ. ಇಡು ಅಂದೆ."

ಇಟ್ಟನೇನೋ ಸರಿ, ಆದರೆ ಕಾಲಿನಿಂದ ಮೇಜಿನಡಿಗೆ ತಳ್ಳಿದ. ನೊಯೆಲಿಗೆ ಮೈಯೆಲ್ಲ ಉರಿಯಿತು.

ಅವಳ ಗಂಡ, ಗಾರೆ ಕೆಲಸದ ಎಲಿ, ಶನಿವಾರ ಬಂತೆಂದರೆ ಆ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ದ್ರಾಕ್ಷಿ ಬೆಳೆಗಾರರ ಸೊಸೈಟಿಗೆ ಹೋಗಿ, ಪೀಪಾಯಿಯ ನಲ್ಲಿಯಿಂದ ಕೆಂಪು ವೈನು ತುಂಬಿಸಿಕೊಂಡು ಬರುತ್ತಿದ್ದ. ಮಧ್ಯಾಹ್ನ ಬ್ರೆಡ್ಡು, ಎಲೆಕೋಸಿನ ಸೂಪು, ಒಂದು ಲೋಟ ವೈನು. ಸೂಪು ತಳಕ್ಕೆ ಬಂದಾಗ ಚಮಚವನ್ನು ಬಟ್ಟಲಲ್ಲಿ ಬೋರಲು ಹಾಕಿ, ಅದರ ಬೆನ್ನು ಮುಳುಗುವಷ್ಟು ವೈನು ಸುರಿದು, ಬಟ್ಟಲನ್ನು ಎರಡೂ ಕೈಯಲ್ಲೆತ್ತಿ ಗಟಗಟ ಕುಡಿಯುತ್ತಿದ್ದ. ಆ ಸೀಮೆಯ ಗಂಡಸರೆಲ್ಲ ಹಾಗೇ ಕುಡಿದವರು. ಹೆಂಗಸರು ಹಾಗೆ ಕುಡಿಯುವ ಪದ್ಧತಿ ಇರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಲಿಯೊನೆಲನ ನಿಶ್ಚಿತಾರ್ಥದ ಊಟ. ಪಟ್ಟಣದ ಬೀಗರು ಎದುರಿಗೆ ಕೂತಿದ್ದರು. ಎಲಿ ಎಂದಿನಂತೆ ಬಟ್ಟಲೆತ್ತಿದ.

"ಅಪ್ಪಾ! ಹಂದಿ ಬಾನಿಗೆ ಬಾಯಿ ಹಾಕ್ದಂಗೆ! ಮಾನ ಮರ್ಯಾದೆ ಬೇಡ್ವಾ?" ಎಂದು ಲಿಯೊನೆಲ್ ಸಿಡುಕಿದ.

ಎಲಿ ಹೆಂಡತಿಯ ಮುಖ ನೋಡಿದ. ನೊಯೆಲಿ ಮೇಜಿನಡಿಯಲ್ಲಿ ಅವನ ಕಾಲಿಗೆ ಒದ್ದಳು. ಅವನು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

ಆಮೇಲೆ ಇಬ್ಬರೇ ಇದ್ದಾಗಲೂ ಎತ್ತಲಿಲ್ಲ. "ಯಾರಿದ್ದಾರೆ ಈಗ, ಹಾಕ್ಕೊಳ್ಳಿ," ಎಂದರೆ, "ಬೇಡ ಬಿಡೇ, ಹೊಟ್ಟೆ ತುಂಬ್ತು," ಎನ್ನುತ್ತಿದ್ದ.

*

ಎಲ್ಲರಿಗೂ ಸೂಪು ಬಡಿಸಿ ನೊಯೆಲಿ ತಾನೂ ಕೂತಳು. ಅರ್ಧ ಊಟಕ್ಕೆ ಲಿಯೊನೆಲ್ ಲೋಟ ಹಿಡಿದು ಎದ್ದು ನಿಂತ.

"ನಮ್ಮಪ್ಪನ ಗಮ್ಮತ್ತೇ ಬೇರೆ! ಸೂಪಿಗೆ ವೈನ್ ಸುರ್ಕೊಂಡು ಬಟ್ಟಲೆತ್ತಿ ಕುಡಿಯೋನು. ಈಗ ಪಟ್ಟಣದೋರೂ ಅದನ್ನೇ ಹುಡ್ಕೊಂಡು ಬರ್ತಾರೆ. ಎಂಥ ರಸಿಕ!"

ಬೀಗರು ನಕ್ಕರು. ಎಲಿಯ ಜೊತೆ ಗೋಡೆ ಕಟ್ಟಿದ್ದ ಮುದುಕ ಗಾಸ್ತೋನ್ ನಗಲಿಲ್ಲ.

"ಹೌದೇನಪ್ಪಾ? ಹನ್ನೊಂದು ವರ್ಷದಿಂದ ನಾನಂತೂ ಕಾಣೆ. ನಮ್ಮನೇಲೂ ಕುಡೀತಿರ್ಲಿಲ್ಲ. 'ಮಗನಿಗೆ ಅವಮಾನ ಆಗುತ್ತೆ ಕಣೋ' ಅಂತಿದ್ದ."

ನೊಯೆಲಿ ಚಮಚ ಕೆಳಗಿಟ್ಟಳು. ಅವನು ಹೊರಗೂ ಬಿಟ್ಟಿದ್ದನೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

"ಹಂದಿ ಅಂದೋನು ನೀನೇ ಅಲ್ವೇನೋ?"

"ಅಮ್ಮಾ, ಇವತ್ತು ಬೇಡ."

"ಇವತ್ತಲ್ದೆ ಇನ್ಯಾವತ್ತು? ಇದ್ದಾಗ ಹಂದಿ, ಸತ್ತ ಮೇಲೆ ರಸಿಕನಾ? ನಾಲಿಗೆಗೆ ಮೂಳೆ ಇಲ್ಲ ಅಂತ ಹೆಂಗ್ಬೇಕಾದ್ರೂ ಹೊರಳಿಸ್ತೀಯ? ನಾನೂ ಪಾಪಿನೇ, ಒದ್ದೆ. ಆ ಒದೆ ನಿನಗೆ ಬೀಳ್ಬೇಕಿತ್ತು!"

ಬಗ್ಗಿ ಕ್ಯಾನನ್ನು ಎಳೆದು ಮೇಜಿನ ಮೇಲೆ ಕುಕ್ಕಿದಳು. ಬಾಟಲಿಗಳು ಗಲಗಲ ಅಲ್ಲಾಡಿದವು. ತನ್ನ ಬಟ್ಟಲಲ್ಲಿ ಚಮಚ ಬೋರಲು ಹಾಕಿ, ಅದರ ಬೆನ್ನು ಮುಳುಗುವವರೆಗೆ ಸುರಿದು, ಎರಡೂ ಕೈಯಲ್ಲೆತ್ತಿ ಕುಡಿದಳು. ವೈನು ಗಲ್ಲದಿಂದ ಕೋಟಿನ ಮೇಲೆಲ್ಲ ಸುರಿಯಿತು. ಒರೆಸಿಕೊಳ್ಳಲಿಲ್ಲ.

ಎದ್ದು ಹೋಗಿ ಮಗನ ಬಟ್ಟಲಲ್ಲೂ ಚಮಚ ಬೋರಲು ಹಾಕಿದಳು, ಸುರಿದಳು.

ಲಿಯೊನೆಲ್ ತನ್ನ ಹೆಂಡತಿಯ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. ಕ್ಯಾನಿನ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ನೊಯೆಲಿ ಅವನ ಹಿಂದೆಯೇ ನಿಂತಿದ್ದಳು.