ಎಣ್ಣೆಯ ಬಾಯಿ ಕಟ್ಟಿದವರು

ದನದ ಡಾಕ್ಟರ ಹಳೇ ಕಾರಿನ ಇಂಜಿನ್ನನ್ನು ಮಾವ ಪೂರ್ತಿ ಬಿಚ್ಚಿ, ಮೂರು ವಾರ ಕೂತು ಒಬ್ಬರೇ ಜೋಡಿಸಿದ್ದರು. ಸೊಸೆ ಹತ್ತಿರ ಸುಳಿದರೆ, "ನೀನು ಬ್ರೇಕು ನೋಡ್ಕೋ ಹೋಗಮ್ಮ" ಎನ್ನುತ್ತಿದ್ದರು. ಗ್ಯಾರೇಜು ಕಟ್ಟಿದವರು ಅವರೇ, ನಿಜ. ಆದರೆ ಎಂಟು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ಅವಳು. ಆದರೂ ಸ್ಪ್ಯಾನರ್ ಎತ್ತಿಕೊಂಡು ಬ್ರೇಕಿನ ಕಡೆಗೇ ನಡೆಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಇಂಜಿನ್ ಚಾಲೂ ಆಯಿತು. ಎರಡು ನಿಮಿಷ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಿತು. ಮಾವ ಮೀಸೆ ತಿರುವಿದರು. ಅಷ್ಟರಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿ, ಒಳಗಿನಿಂದ ಟಕಟಕ ಸದ್ದು ಎದ್ದಿತು. ಸೊಸೆ ತಟ್ಟನೆ ಇಂಜಿನ್ ನಿಲ್ಲಿಸಿದಳು.

"ದೀಪದ ಸ್ವಿಚ್ಚು ಸುಳ್ಳು ಹೇಳ್ತಿದೆ" ಎಂದರು ಮಾವ.

ಅವಳು ಆ ಸ್ವಿಚ್ಚು ಬಿಚ್ಚಿ, ಅದರ ಜಾಗಕ್ಕೆ ಎಣ್ಣೆಯ ಒತ್ತಡ ತೋರಿಸುವ ಗೇಜು ಸಿಕ್ಕಿಸಿದಳು. ಮುಳ್ಳು ಠೀವಿಯಿಂದ ಮೇಲೇರಿ, ಕೊಂಚ ಹೊತ್ತು ನಿಂತು, ಮೆಲ್ಲಗೆ ಜಾರಿಬಿದ್ದಿತು. ಹತ್ತು ನಿಮಿಷ ಆರಿಸಿಟ್ಟು ನೋಡಿದರೆ ಮತ್ತೆ ಅದೇ ಆಟ.

ಎಣ್ಣೆ ಮೇಲೆತ್ತುವ ಪಂಪು ಸವೆದಿದ್ದರೆ ಹೀಗೆ ಹತ್ತು ನಿಮಿಷದ ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುತ್ತಿರಲಿಲ್ಲ. ಎಣ್ಣೆ ಹೀರುವ ಜಾಲರಿಗೆ ಏನೋ ಬಂದು ಅಂಟಿಕೊಳ್ಳುತ್ತಿದೆ, ಇಂಜಿನ್ ನಿಂತರೆ ಕಳಚಿ ಬೀಳುತ್ತಿದೆ ಎಂದು ಅವಳಿಗೆ ಹೊಳೆಯಿತು. ಬಗ್ಗಿ ನೋಡಿದಳು. ತಳದ ಎಣ್ಣೆತಟ್ಟೆಯ ಅಂಚಿನುದ್ದಕ್ಕೂ, ಸೋರದಿರಲೆಂದು ಹಚ್ಚಿದ ಕೆಂಪು ಪೇಸ್ಟು ದಪ್ಪಗೆ ಹೊರಗೆ ಉಕ್ಕಿ ನಿಂತಿತ್ತು. ಹೊರಗೇ ಇಷ್ಟಿದ್ದರೆ ಒಳಗೆಷ್ಟೋ.

"ಪಂಪೇ ಕಳಪೆ" ಎಂದರು ಮಾವ. "ಅಂಗಡಿಯವನು ಟೋಪಿ ಹಾಕಿದಾನೆ."

"ಇದ್ರೂ ಇರಬಹುದು ಮಾವ" ಎಂದು ಅವಳು ಏನೂ ಅರಿಯದವಳಂತೆ ತಲೆಯಾಡಿಸಿದಳು. "ನೀವೇ ಬಿಚ್ಚಿ ನೋಡಿಬಿಡಿ. ನಂಗೆ ಬಗೆಹರಿಯೋ ಹಾಗೆ ಕಾಣ್ತಿಲ್ಲ."

ಪಂಪು ಬಿಚ್ಚಬೇಕಾದರೆ ಮೊದಲು ಎಣ್ಣೆತಟ್ಟೆ ಇಳಿಸಲೇಬೇಕು. ಅವಳಿಗೆ ಬೇಕಾಗಿದ್ದೂ ಅಷ್ಟೇ.

ಮಾವ ಚಾಪೆ ಹಾಸಿಕೊಂಡು ಕಾರಿನಡಿ ತೂರಿದರು. ಎಣ್ಣೆ ಬಸಿದಾಯಿತು, ತಟ್ಟೆ ಇಳಿಯಿತು. ಆಮೇಲೆ ಏನನ್ನೋ ಕೆರೆದು ಕೀಳುವ ಸದ್ದು ಕೇಳಿಸಿತು.

"ಪಂಪು ಸಿಕ್ತಾ ಮಾವ?"

"ಸಿಗುತ್ತೆ, ಸಿಗುತ್ತೆ. ನೀನು ನಿನ್ನ ಕೆಲಸ ನೋಡು."

ಚಹಾ ತಂದಿದ್ದ ಅತ್ತೆ ಬಗ್ಗಿ ಇಣುಕಿದರು. "ಏನ್ರೀ ಅದು, ಜೇಬಿಗೆ ತುರುಕ್ತಿರೋದು?"

"ಏನಿಲ್ಲ ಕಣೆ, ಕಸ."

"ಕಸಕ್ಕೆ ಬೇರೆ ಜಾಗ ಇರಲಿಲ್ವಾ? ಆ ಅಂಗಿ ಒಗೆಯೋಳು ನಾನು." ಅತ್ತೆ ಕೈಹಾಕಿ ಎಳೆದರೆ, ಪೇಸ್ಟು ಒಣಗಿ ರಬ್ಬರಿನಂತಾದ, ಎರೆಹುಳುವಿನಂಥ ಕೆಂಪು ಎಳೆಗಳು ಒಂದು ಹಿಡಿಯಷ್ಟು ಹೊರಬಂದವು.

ಸೊಸೆ ಟೈರುಗಳ ಮರೆಗೆ ಓಡಿದಳು. ಅವಳ ನಗು ಮಾತ್ರ ಮರೆಗೆ ಹೋಗಲಿಲ್ಲ.

ಮಾವ ಎದ್ದು ಕೂತರು. "ಕಣ್ಣು ಮೊದಲಿನ ಹಾಗಿಲ್ಲ ಕಣಮ್ಮ. ಎಲ್ಲಿ ಸೋರುತ್ತೋ ಅಂತ ಹೆದರಿ ಧಾರಾಳವಾಗಿ ಹಚ್ಚಿಬಿಟ್ಟೆ" ಎಂದರು. ಹೇಳುತ್ತ ಹೇಳುತ್ತ ಅವರಿಗೇ ನಗು ತಡೆಯಲಾಗಲಿಲ್ಲ.

ಜಾಲರಿ ತೊಳೆದು, ಬೇರಿಂಗಿಗೆ ಗೀರು ಬಿದ್ದಿಲ್ಲವೆಂದು ಇಬ್ಬರೂ ಕೂಡಿಯೇ ನೋಡಿದರು. ಈ ಸಲ ಪೇಸ್ಟು ಹಚ್ಚಿದವಳು ಸೊಸೆ. ಮರುದಿನ ಗೇಜಿನ ಮುಳ್ಳು ಏರಿದ್ದು ಇಳಿಯಲಿಲ್ಲ.

ಕಾರು ಒಯ್ಯಲು ಬಂದ ಡಾಕ್ಟರು, "ಏನಾಗಿತ್ತು?" ಎಂದು ಕೇಳಿದರು.

"ಎಣ್ಣೆ ದಾರೀಲಿ ಏನೋ ಅಡ್ಡ ಸಿಕ್ಕಿತ್ತು ಡಾಕ್ಟ್ರೇ, ಮಾವನೇ ಹುಡುಕಿ ತೆಗೆದ್ರು" ಎಂದಳು ಸೊಸೆ. "ಅದು ಎಲ್ಲಿಂದ ಬಂತು ಅನ್ನೋದು ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ."

ಡಾಕ್ಟರು ಗೌರವದಿಂದ ಮಾವನ ಕೈ ಕುಲುಕಿದರು. ಮಾವ ಕೆಮ್ಮುತ್ತ, ಕೀ ತರುತ್ತೇನೆಂದು ಒಳಗೆ ಹೋದರು.