ಬರ್ಕೊಳ್ಳಿ

ಆ ನ್ಯಾಯಾಧೀಶರಿಗೆ ದಂಡ ಹಾಕುವುದನ್ನು ಬಿಟ್ಟರೆ ಬೇರೆ ಅಧಿಕಾರ ಇರಲಿಲ್ಲ. ಅವರದು ವಾಹನದ ತಪ್ಪುಗಳನ್ನಷ್ಟೇ ನೋಡುವ ಕೋರ್ಟು. ಒಂದು ದಿನ ಕುಡಿದು ಗಾಡಿ ಓಡಿಸಿದವನೊಬ್ಬ ಹೆಂಡತಿಯ ಜೊತೆ ಬಂದು ನಿಂತ. ಅವನ ಹೊಡೆತಕ್ಕೆ ಅವಳ ಕೆನ್ನೆ ಬಾತುಕೊಂಡಿತ್ತು. ನ್ಯಾಯಾಧೀಶರು ದಂಡ ಹಾಕಿ, ಮೂರು ತಿಂಗಳು ಇವನು ಮನೆಯ ಹೊಸ್ತಿಲು ತುಳಿಯಕೂಡದು ಎಂದರು. ಆದೇಶ ಟೈಪ್ ಮಾಡುತ್ತಿದ್ದ ಟೈಪಿಸ್ಟ್ ಕೈ ನಿಲ್ಲಿಸಿ ಅವರ ಮುಖ ನೋಡಿದ.

"ಬರ್ಕೊಳ್ಳಿ," ಎಂದರು.

ಗಂಡ ಮೇಲಿನ ಕೋರ್ಟಿಗೆ ಹೋದ. ಆದೇಶ ರದ್ದಾಯಿತು. ಅಧಿಕಾರ ಮೀರಿದ್ದಕ್ಕೆ ವಿಚಾರಣೆ ನಡೆದು ನ್ಯಾಯಾಧೀಶರ ಕೆಲಸವೂ ಹೋಯಿತು.

ಕೋರ್ಟಿನಲ್ಲೇ ಉಳಿದಿದ್ದ ಅವರ ಕನ್ನಡಕದ ಡಬ್ಬಿ ಕೊಡಲು ಟೈಪಿಸ್ಟ್ ಮನೆಗೆ ಬಂದ. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಹಾಗಾಗಿ ನಿಂತೇ ಮಾತಾಡಿದ.

"ಊರ ಉಸಾಬರಿ ನಿಮಗ್ಯಾಕೆ ಬೇಕಿತ್ತು ಸಾರ್? ಬರೀ ಬಾಯಲ್ಲಿ ಬುದ್ಧಿ ಹೇಳಿದ್ರೆ ನಿಮ್ಮನ್ನ ಯಾರೂ ಕೇಳ್ತಿರ್ಲಿಲ್ಲ."

"ಅವನೂ ಕೇಳ್ತಿರ್ಲಿಲ್ಲ ಕಣಯ್ಯ. ಆ ಹೆಂಗಸು ಹೇಗಿದಾಳೆ?"

"ನಿನ್ನೆ ಕೋರ್ಟ್ ಹತ್ರ ಸಿಕ್ಕಿದ್ಲು. ಗಂಡ ವಾಪಸ್ ಬಂದಿದಾನೆ. ಈಗ ಒಂದು ಕಿವಿ ಕೇಳ್ಸಲ್ವಂತೆ."

ಟೈಪಿಸ್ಟ್ ಹೋದ ಮೇಲೆ ಅವರು ಬಾಗಿಲು ಹಾಕಿ ಅದೇ ಕುರ್ಚಿಯಲ್ಲಿ ಕೂತರು. ಕೆಲಸ ಹೋದಮೇಲೆ ಮನೆಗೆ ಬಂದವನು ಅವನೊಬ್ಬನೇ.

ಒಟ್ಟು ಹೋದದ್ದು ಒಂದು ಕೆಲಸ, ಒಂದು ಕಿವಿ.